ಬೋಗುಣಿಯ ಮಾರ್ದನಿ

ಕಡಲಿಗೆ ಹೋದ ಬೋಟು ಯಾವ ಗಳಿಗೆಯಲ್ಲಿ ಎಲ್ಲಿದೆ ಎಂಬುದು ದಡದಲ್ಲಿ ನಿಂತವರಿಗೆಲ್ಲ ಕಾಣುವಂತಾದರೆ ಏನಾದೀತು? ಹಳೆಕೋಡಿ ಬಂದರಿನ ಜನ ಈ ಪ್ರಶ್ನೆಯನ್ನು ಯಾರಿಗೂ ಕೇಳಿರಲಿಲ್ಲ. ಉತ್ತರ ಮಾತ್ರ ಅವರ ಮೇಲೆಯೇ ಬಂದು ಬಿತ್ತು.

ಬಂದರಿನ ಹಿಂದಿನ ಗುಡ್ಡದ ಮೇಲೆ ಕಡಲು ವೀಕ್ಷಣಾ ಕೇಂದ್ರ ಎದ್ದು ಮೂರು ವರ್ಷವಾಗಿತ್ತು. ಊರವರ ಬಾಯಲ್ಲಿ ಅದು ಗುಡ್ಡದ ಆಫೀಸು. ಅಲ್ಲಿ ಮೂರು ಚಪ್ಪಟೆ ರಾಡಾರ್ ಹಲಗೆಗಳು ಕಡಲಿಗೆ ಮುಖ ಮಾಡಿ ನಿಂತಿದ್ದವು. ಅವು ತಿರುಗುವುದಿಲ್ಲ. ನಿಂತಲ್ಲೇ ನಿಂತು ನಲವತ್ತು ಕಿಲೋಮೀಟರ್ ದೂರದವರೆಗೆ ರೆಪ್ಪೆ ಹೊಡೆಯದೆ ನೋಡುತ್ತವೆ. ಅದಕ್ಕೂ ಮುಂಚೆ ಪ್ರತಿ ಬೋಟಿಗೂ ಒಂದು ಸಂಕೇತದ ಪೆಟ್ಟಿಗೆ ಕೊಟ್ಟಿದ್ದರು. ತಾನೆಲ್ಲಿದ್ದೇನೆಂದು ಅದೇ ಹೇಳಬೇಕಿತ್ತು. ಬೋಟು ನಡೆಸುವ ತಾಂಡೇಲರು ಬಂದರು ದಾಟಿದ ಕೂಡಲೇ ಅದರ ತಂತಿ ಕೀಳುತ್ತಿದ್ದರು. ಮಾರ್ದನಿಯ ತಂತಿ ಕೀಳಲು ಬರುವುದಿಲ್ಲ. ರಾಡಾರಿನ ಅಲೆ ಹೋಗಿ ಬೋಟಿಗೆ ಬಡಿದು ಚೆದುರುತ್ತದೆ. ಚೆದುರಿದ್ದರಲ್ಲಿ ಒಂದು ಪಾಲು ಗುಡ್ಡಕ್ಕೆ ಮರಳಿ ಬರುತ್ತದೆ. ಬಂದದ್ದು ಯಾವ ಬೋಟಿನದು ಎಂದು ಗುರುತಿಸುವುದು ಕಂಪ್ಯೂಟರಿನ ಕೆಲಸ.

ಆ ಗುರುತು ಮಾಡಿಕೊಟ್ಟವಳು ಪ್ರಫುಲ್ಲಾ. ಹೊಸದುರ್ಗದ ಕಡೆಯವಳು, ಮೂವತ್ತೆಂಟು ವರ್ಷ, ಮೀನು ತಿನ್ನುವವಳಲ್ಲ. ಮಳೆಗಾಲದಲ್ಲಿ ಮೀನುಗಾರಿಕೆ ನಿಂತು ಬೋಟುಗಳೆಲ್ಲ ದಡ ಹತ್ತಿದಾಗ ಅವಳು ಅಳತೆ ಟೇಪು ಹಿಡಿದು ಒಂದೊಂದರ ಸುತ್ತಲೂ ನಡೆದಳು. ನಾನೂರ ಹನ್ನೆರಡು ಬೋಟು. ಫೈಬರ್ ಮೈಯೊಳಗೆ ರಾಡಾರ್ ಅಲೆ ಹೆಚ್ಚುಕಡಿಮೆ ಹಾದುಹೋಗುತ್ತದೆ. ಮರಳಿಸಿ ಕಳಿಸುವುದು ಲೋಹ: ಎಂಜಿನ್ನು, ಬಲೆ ಎಳೆಯುವ ವಿಂಚು, ಗ್ಯಾಸ್ ಸಿಲಿಂಡರು, ಅನ್ನದ ಹಂಡೆ. ಇವೆಲ್ಲವನ್ನೂ ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆದು ಕಂಪ್ಯೂಟರಿನೊಳಗೆ ಬೋಟು ಕಟ್ಟಿದಳು. ಕಂಪ್ಯೂಟರಿನೊಳಗೇ ಕಡಲನ್ನೂ ಮಾಡಿದಳು, ತೆರೆ ಎಬ್ಬಿಸಿದಳು. ದಿಕ್ಕು ದಿಕ್ಕಿನಿಂದ ಲಕ್ಷಗಟ್ಟಲೆ ಕಿರಣ ಎಸೆದು, ಯಾವುದು ವಿಂಚಿಗೆ ಬಡಿದು ನೀರಿಗೆ ಬಿತ್ತು, ಯಾವುದು ನೀರಿಗೆ ಬಡಿದು ಎಂಜಿನ್ನಿಗೆ ಹಾರಿತು, ಕೊನೆಗೆ ಗುಡ್ಡಕ್ಕೆ ಎಷ್ಟು ಬಂತು ಎಂದು ಕೂಡಿಸಿದಳು. ಹೀಗೆ ಪ್ರತಿ ಬೋಟಿಗೂ ಒಂದು ಚಹರೆ ಸಿಕ್ಕಿತು.

ಮನುಷ್ಯರನ್ನು ಮಾತ್ರ ಅವಳು ಬೋಟಿನೊಳಗೆ ಕೂರಿಸಲಿಲ್ಲ. ಲೋಹದ ಮುಂದೆ ಮನುಷ್ಯನ ಮೈಯಿಂದ ಮರಳುವುದು ಅತ್ಯಲ್ಪ. ಅದೂ ತೆರೆಯ ಗದ್ದಲದಲ್ಲಿ ಕಳೆದುಹೋಗುತ್ತದೆ. ಲೆಕ್ಕ ಸುಮ್ಮನೆ ಉದ್ದವಾಗುತ್ತದೆ ಎಂದು ಬಿಟ್ಟಳು.

ಬಂದರಿನ ಗೇಟಿನ ಬಳಿ ಒಂದು ದೊಡ್ಡ ಪರದೆ ಹಾಕಿದರು. ಕಡಲಿನ ನಕ್ಷೆ, ಅದರ ಮೇಲೆ ಬೋಟುಗಳ ಹೆಸರು. ಮೊದಮೊದಲು ಜನ ಜಾತ್ರೆಯಂತೆ ನಿಂತು ನೋಡಿದರು. ಆಮೇಲೆ ಅಭ್ಯಾಸವಾಯಿತು. ಗಂಡನ ಬೋಟು ಬಂದರಿನತ್ತ ತಿರುಗಿದ್ದು ನೋಡಿಯೇ ಹೆಂಗಸರು ಅನ್ನಕ್ಕೆ ಅಕ್ಕಿ ಹಾಕತೊಡಗಿದರು. ಆದರೆ ತಾಂಡೇಲರ ಮುಖ ಸಣ್ಣದಾಯಿತು. ಮೀನು ಸೇರುವ ಜಾಗ ಎಲ್ಲಿದೆ ಎಂಬುದು ಅಪ್ಪ ಮಗನಿಗೆ ಕಿವಿಯಲ್ಲಿ ಹೇಳುವ ಮಾತು. ಎರಡು ಗುಡ್ಡ ಒಂದೇ ಸಾಲಿಗೆ ಬಂದಾಗ ತೆಂಕಕ್ಕೆ ಇಷ್ಟು, ಆಳ ಇಷ್ಟು ಮಾರು ಎಂದು. ಈಗ ಒಬ್ಬನ ಹೆಸರು ಪರದೆಯ ಮೇಲೆ ಅರ್ಧ ಗಂಟೆ ಒಂದೇ ಕಡೆ ನಿಂತರೆ ಸಾಕು, ನಲವತ್ತು ಬೋಟು ಅಲ್ಲಿಗೆ ಓಡುತ್ತಿದ್ದವು.

ಎರಡನೆಯ ವರ್ಷ ಒಂದು ನಗೆಪಾಟಲು ನಡೆಯಿತು. ಬಣ್ಣ ಬಳಿಯಲು ದಡಕ್ಕೆ ಎಳೆದಿದ್ದ ಬೋಟೊಂದರ ಹೆಸರು ಪರದೆಯ ಮೇಲೆ ನಡುಗಡಲಲ್ಲಿ ಕಂಡಿತು. ಅದರ ಯಜಮಾನನ ಹೆಂಡತಿ ಗುಡ್ಡ ಹತ್ತಿ ಬಂದು, "ನಮ್ಮ್ ಬೋಟನ್ನ ಹೊಡ್ಕಂಡ್ ಹೋದವ್ನ್ ಯಾರ್?" ಎಂದು ಕಚೇರಿ ನಡುಗುವಂತೆ ಕೂಗಿದಳು. ಪತ್ರಿಕೆಯಲ್ಲೂ ಬಂತು. ಕೇಂದ್ರದ ನಿರ್ದೇಶಕ ಡೆನ್ನಿಸ್ ರೆಬೆಲ್ಲೊ ಪ್ರಫುಲ್ಲಾಳನ್ನು ಕರೆದು, "ಇಂಥದ್ದು ಇನ್ನೊಮ್ಮೆ ಆಗಬಾರದು ನೋಡಿ" ಎಂದರು. ಅವಳು ಕಂಪ್ಯೂಟರಿನ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದಳು: ದಡದಲ್ಲಿದೆ ಎಂದು ದಾಖಲಾದ ಬೋಟಿನ ಚಹರೆ ಕಡಲಲ್ಲಿ ಕಂಡರೆ ಅದು ಸುಳ್ಳು, ಅಳಿಸು. ಬರೆಯಲು ಎರಡು ನಿಮಿಷ ಹಿಡಿಯಿತು. ನಗೆಪಾಟಲು ನಿಂತಿತು.

ಇದಿಷ್ಟು ಹಿಂದಿನ ಕಥೆ.

ನವೆಂಬರಿನ ಒಂದು ಗುರುವಾರ ಬೆಳಗಿನ ಜಾವ ವಿಠಲ ತಾಂಡೇಲನ 'ಹಾಯ್ಗುಳಿ ಕೃಪಾ' ಐದು ಜನರೊಂದಿಗೆ ಬಂದರು ಬಿಟ್ಟಿತು. ಒಂಬತ್ತೂ ಇಪ್ಪತ್ತಕ್ಕೆ, ದಡದಿಂದ ಹದಿನೆಂಟು ಕಿಲೋಮೀಟರ್ ದೂರದಲ್ಲಿ, ಪರದೆಯ ಮೇಲಿಂದ ಅದರ ಹೆಸರು ಮಾಯವಾಯಿತು. ವೈರ್‌ಲೆಸ್ಸಿಗೂ ಉತ್ತರವಿಲ್ಲ. ಶುಕ್ರವಾರ ಇಡೀ ದಿನ ರಕ್ಷಣಾ ಬೋಟು ಆ ಜಾಗದ ಸುತ್ತ ಹುಡುಕಿತು. ಒಂದು ಹಲಗೆಯೂ ಸಿಗಲಿಲ್ಲ. ನಲವತ್ತೆಂಟು ಗಂಟೆ ಚಹರೆ ಕಾಣದ ಬೋಟನ್ನು ಮುಳುಗಿದ್ದೆಂದು ಬರೆಯಬೇಕು ಎಂಬುದು ನಿಯಮ.

ವಿಠಲನ ಹೆಂಡತಿ ಜಲಜ ಗಂಟೆಗೊಮ್ಮೆ ಗುಡ್ಡದ ಆಫೀಸಿನ ಕಿಟಕಿಗೆ ಬರುತ್ತಿದ್ದಳು. ಅಳುತ್ತಿರಲಿಲ್ಲ. ಮೀನು ಮಾರುವ ಹೆಂಗಸು, ನಿಂತು ಕಾಯುವುದು ಗೊತ್ತಿತ್ತು.

"ಎಂತ ಮೇಡಂ, ಕಂಡ್ತಾ?"

"ಇಲ್ಲ ಜಲಜಕ್ಕ."

"ಹಾಂಗಾರೆ ಮತ್ತೊಂದ್ ಗಂಟಿ ಬಿಟ್ಟ್ ಬತ್ತೆ."

ಶನಿವಾರ ಒಂಬತ್ತೂ ಇಪ್ಪತ್ತಾಯಿತು. ರೆಬೆಲ್ಲೊ ಕಾಗದಕ್ಕೆ ಸಹಿ ಹಾಕಿದರು. ಕಿಟಕಿಯಲ್ಲಿ ನಿಂತವಳಿಗೆ ಅದನ್ನು ಹೇಳಬೇಕಾದವಳು ಪ್ರಫುಲ್ಲಾ. ಹೇಳಿದಳು. ಜಲಜ ತಲೆ ಆಡಿಸಿ, ಕಿಟಕಿಯ ಸರಳು ಬಿಟ್ಟು, ಗುಡ್ಡ ಇಳಿದಳು.

ಮನೆಗೆ ಜನ ಬರತೊಡಗಿದ್ದರು. ಬಂದವರಿಗೆ ಚಾ ಮಾಡಲು ಪಕ್ಕದ ಮನೆಯ ಸುಶೀಲ ಒಲೆ ಹಚ್ಚಿದಳು.

"ಜಲಜ, ನೀರ್ ತರುಕೆ ಒಂದ್ ದೊಡ್ಡ ಬೋಗುಣಿ ಕೊಡ್."

ಜಲಜ ಹಿತ್ತಿಲ ಚಪ್ಪರದಡಿಗೆ ಹೋದಳು. ಮೀನು ಹೊರುವ ಅಲ್ಯೂಮಿನಿಯಂ ಬೋಗುಣಿ ನಾಲ್ಕನ್ನು ಒಂದರೊಳಗೊಂದು ಇಟ್ಟು ಕವುಚಿ ಹಾಕಿದ್ದಳು. ಈಗ ಒಂದೇ ಇತ್ತು. ಅದನ್ನು ಎತ್ತಿ ಕೆಳಗೆ ನೋಡಿದಳು. ಹೊರಗೆ ಬಂದು ಜಗಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದ ಮೈದುನ ಸಾಧುವನ್ನು ಕೇಳಿದಳು.

"ಸಾಧು, ನನ್ನ ಮೂರ್ ಬೋಗುಣಿ ಎಲ್ಲ್ ಹೋಯ್ತ್?"

"ನಂಗೊತ್ತಿಲ್ಲೆ ಅತ್ಗೆ."

"ಗೊತ್ತಿಲ್ದವ್ನ್ ಮೋರಿ ಹೀಂಗಿರ್ತಿಲ್ಲೆ. ನನ್ನ ಮೋರಿ ಕಾಣ್."

ಸಾಧು ಅವಳನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಹೇಳಿದ. ಅವನದೂ ಒಂದು ಬೋಟಿತ್ತು, 'ನಂದಿಕೇಶ್ವರ'. ಅಣ್ಣನ ಬೋಟಿನದೇ ಅಚ್ಚು. ಅದರ ಕ್ಯಾಬಿನ್ನಿನ ಮಾಡಿನ ಮೇಲೆ ಒಂದು ಉಕ್ಕಿನ ನೀರಿನ ಟಾಂಕಿ ಇದೆ, ಅಷ್ಟೇ ವ್ಯತ್ಯಾಸ. ಸಾಧು ಹೋದ ಕಡೆ ಮೀನಿಲ್ಲ ಎಂಬುದು ಊರಿಗೇ ಗೊತ್ತಿದ್ದ ಸಂಗತಿ, ಅವನ ಹಿಂದೆ ಯಾರೂ ಹೋಗುವುದಿಲ್ಲ. ಪರದೆಯ ಮೇಲೆ ತನ್ನ ಬೋಟು ಸಾಧುವಿನದಾಗಿ ಕಂಡರೆ ಅಪ್ಪ ತೋರಿಸಿದ ಜಾಗ ತನಗೊಬ್ಬನಿಗೇ ಉಳಿಯುತ್ತದೆ ಎಂದು ವಿಠಲ ಲೆಕ್ಕ ಹಾಕಿದ.

"ನಾನ್ ಪರದೆ ಎದ್ರ್ ನಿಂತ್ಕಂಡ್ ಫೋನ್ ಹಿಡ್ಕಂಡಿದ್ದೆ. ಅಣ್ಣ ಬಂದರಿನ ಬಾಯಲ್ಲ್ ಬೋಗುಣಿನ ಒಂದ್ಸಲ ಮಾಡಿನ್ ಮೇಲೆ, ಒಂದ್ಸಲ ವಿಂಚಿನ್ ಹತ್ರ ಕಟ್ಟಿ ಕಟ್ಟಿ ಕಂಡ. ನಾಲ್ಕ್ ದಿನ ಮಾಡ್ದೊ. ಐದನೇ ದಿನ ಪರದಿ 'ನಂದಿಕೇಶ್ವರ' ಅಂತ್. ನಾವಿಬ್ರೂ ನೆಗಿ ಆಡ್ದದ್ದೇ ಆಡ್ದದ್."

ಅದಾದ ಮೇಲೆ ಸಾಧು ಮನೆಯಲ್ಲಿರುವ ದಿನವೆಲ್ಲ ವಿಠಲ ಸಾಧುವಿನ ಹೆಸರಿನಲ್ಲಿ ಮೀನು ಹಿಡಿದ. ಈ ಗುರುವಾರವೂ ಅದೇ. ಶುಕ್ರವಾರ ಸಂಜೆಗೆ ಬರುವ ಮಾತಾಗಿತ್ತು. ಅದಕ್ಕೇ ಸಾಧು ಅಲ್ಲಿಯವರೆಗೆ ಸುಮ್ಮನಿದ್ದ. ಆದರೆ ಈ ಸಲ 'ನಂದಿಕೇಶ್ವರ'ದ ಹೆಸರು ಪರದೆಯ ಮೇಲೆ ಬರಲೇ ಇಲ್ಲ. ಯಾಕೆಂದು ಅವನಿಗೆ ತಿಳಿಯಲಿಲ್ಲ.

"ಹೇಳುಕಾಗ ಅತ್ಗೆ. ಸೋಗ್ ಹಾಕದ್ದ್ ಗೊತ್ತಾರೆ ಎರಡೂ ಬೋಟಿನ್ ಪರವಾನಗಿ ಹೋತ್ತ್."

ಜಲಜ ಉಳಿದ ಬೋಗುಣಿಯನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು.

"ಪರವಾನಗಿ ಇಟ್ಕಂಡ್ ಬೋಟಿಗೆ ಯಾರ್ ಹೋಪುದ್, ನೀನಾ? ನೀ ಹೋದಲ್ಲ್ ಮೀನಿತ್ತಾ? ಏಳ್, ನಡಿ."

ಗುಡ್ಡದ ಆಫೀಸಿನಲ್ಲಿ ಪ್ರಫುಲ್ಲಾ ಊಟದ ಡಬ್ಬಿ ತೆರೆದು ಮುಂದಿಟ್ಟುಕೊಂಡು ತಿನ್ನದೆ ಕೂತಿದ್ದಳು. ಜಲಜ ಈ ಸಲ ಕಿಟಕಿಗೆ ಹೋಗಲಿಲ್ಲ. ನೇರವಾಗಿ ಒಳಗೆ ಬಂದು ಬೋಗುಣಿಯನ್ನು ಮೇಜಿನ ಮೇಲೆ ಇಟ್ಟಳು.

"ಇಂಥದ್ದೇ ಮೂರ್ ನಮ್ಮ್ ಬೋಟಿನ್ ಮೇಲಿತ್ತ್. ನೀವ್ ಇದನ್ನ ಹುಡ್ಕಿ."

ಸಾಧು ಬಾಗಿಲ ಬಳಿ ನಿಂತು ಎಲ್ಲವನ್ನೂ ಮತ್ತೊಮ್ಮೆ ಹೇಳಿದ. ಪ್ರಫುಲ್ಲಾ ಬೈಯಲಿಲ್ಲ. ಟೇಪು ತೆಗೆದು ಬೋಗುಣಿಯ ಬಾಯಿ ಅಳೆದಳು, ಆಳ ಅಳೆದಳು, ತಳದ ನೆಗ್ಗನ್ನೂ ಗುರುತು ಹಾಕಿಕೊಂಡಳು.

"ಎಲ್ಲೆಲ್ಲಿ ಕಟ್ಟಿದ್ರಿ?"

"ಮಾಡಿನ್ ಮೇಲೆ ಒಂದ್ ಕವುಚಿ. ಅದ್ರ್ ಹಿಂದೆ ಎರಡ್, ಬಾಯಿಗೆ ಬಾಯಿ ಕೊಟ್ಟ್."

ಬಾಯಿಗೆ ಬಾಯಿ ಕೊಟ್ಟರೆ ಡಬ್ಬಿಯಾಗುತ್ತದೆ, ಟಾಂಕಿಯ ಹಾಗೆ. ನಾಲ್ಕು ದಿನ ಫೋನು ಹಿಡಿದು ಇವರು ಕಂಡುಕೊಂಡದ್ದನ್ನು ಸಮೀಕರಣ ಬಿಡಿಸಿ ಹೇಳಬೇಕಾದರೆ ತನಗೆ ಒಂದು ವಾರ ಬೇಕಿತ್ತು ಎಂದುಕೊಂಡಳು ಪ್ರಫುಲ್ಲಾ. ಕಂಪ್ಯೂಟರಿನೊಳಗಿನ ಬೋಟಿಗೆ ಮೂರು ಬೋಗುಣಿ ಕಟ್ಟಿ ಕಿರಣ ಎಸೆದಳು. ಅರ್ಧ ಗಂಟೆಯ ಬಳಿಕ ಹೆಸರು ಮೂಡಿತು: ನಂದಿಕೇಶ್ವರ.

"ನಿಮ್ಮ ಬೋಟು ಈಗೆಲ್ಲಿದೆ?" ಎಂದು ಸಾಧುವನ್ನು ಕೇಳಿದಳು.

"ಬುಧವಾರ ದಡಕ್ಕೆ ಎಳ್ದಿತ್ತ್. ತಳದ ಫ್ಯಾನ್ ರಿಪೇರಿ. ನಾನೇ ಬಂದ್ ಚೀಟಿ ಬರ್ಸಿದ್ನಲೆ."

ಪ್ರಫುಲ್ಲಾ ದಡದ ಬೋಟುಗಳ ದಾಖಲೆ ತೆರೆದಳು. ತಾನು ಬರೆದ ಆ ಒಂದು ಸಾಲು ನೆನಪಾಗಿತ್ತು. ದಡದಲ್ಲಿರುವ ಬೋಟು ಕಡಲಲ್ಲಿ ಕಂಡರೆ ಅದು ಸುಳ್ಳು. ರಾಡಾರ್ ಎರಡು ದಿನದಿಂದ ಆ ಬೋಟನ್ನು ನೋಡುತ್ತಲೇ ಇತ್ತು. ಅವಳ ಸಾಲು ಅದನ್ನು ಅಳಿಸುತ್ತಲೇ ಇತ್ತು.

ಅಳಿಸಿದ್ದು ಮೂರು ದಿನ ಒಂದು ಮೂಲೆಯಲ್ಲಿ ಉಳಿದಿರುತ್ತದೆ. ಅದನ್ನು ತೆಗೆದು ನಕ್ಷೆಯ ಮೇಲೆ ಚುಕ್ಕಿ ಇಟ್ಟಳು. ಗುರುವಾರ ಸಂಜೆ ನಾಲ್ಕು ಗಂಟೆಯವರೆಗೆ ಚುಕ್ಕಿಗಳು ಅತ್ತಿತ್ತ ಓಡಾಡಿದ್ದವು. ಬಲೆ ಬಿಡುವ ಓಡಾಟ. ಆಮೇಲೆ ಗೆರೆ ಸಪ್ಪೆಯಾಗಿ ಪಡುವಣಕ್ಕೆ ಜಾರಿತ್ತು, ಗಂಟೆಗೆ ಅರ್ಧ ಕಿಲೋಮೀಟರಿಗಿಂತ ಕಡಿಮೆ. ಎಂಜಿನ್ನು ನಿಂತು ಗಾಳಿಗೆ ತೇಲುವ ಬೋಟು. ಈ ಬೆಳಿಗ್ಗೆ ಐದೂ ನಲವತ್ತಕ್ಕೆ ಗೆರೆ ಮುಗಿದಿತ್ತು.

ರೆಬೆಲ್ಲೊ ಬಂದು ನೋಡಿದರು. ಕೆಟ್ಟ ಮನುಷ್ಯರಲ್ಲ. ದನಿ ತಗ್ಗಿಸಿ ಹೇಳಿದರು: "ಗೆರೆ ಮುಗಿದಿದೆ ಪ್ರಫುಲ್ಲಾ. ಇಲ್ಲಿ ಮುಳುಗಿದ್ದಾರೆ ಅಂತಲೇ ಅರ್ಥ. ಕತ್ತಲಾಗುವುದರೊಳಗೆ ರಕ್ಷಣಾ ಬೋಟು ಹೋಗಿ ನೋಡುವುದಿದ್ದರೆ ಒಂದೇ ಜಾಗ. ಗಾಳಿ ಹೆಚ್ಚಾಗಿದೆ, ಇನ್ನೂ ತೇಲುತ್ತಿದ್ದರೂ ಸಂಜೆಯೊಳಗೆ ಬೋಟು ನಮ್ಮ ರಾಡಾರಿನ ನಲವತ್ತು ಕಿಲೋಮೀಟರ್ ಗೆರೆ ದಾಟುತ್ತದೆ. ನಿಖರವಾದ ಜಾಗ ಕೊಡಿ, ಈಗಲೇ ಕಳಿಸುತ್ತೇನೆ. ಇಷ್ಟಗಲ ಕಡಲು ತೋರಿಸಿದರೆ ಏನು ಮಾಡಲಿ?"

ಅವರು ಇಂಗ್ಲಿಷಿನಲ್ಲಿ ಹೇಳಿದ್ದರೂ ಜಲಜಳಿಗೆ ಅರ್ಥವಾಗುತ್ತಿತ್ತು. ಅವಳು ಗೆರೆಯ ತುದಿಯನ್ನೇ ನೋಡುತ್ತಿದ್ದಳು.

"ಬೋಗುಣಿ ಬಿಚ್ಚಿದ್ರ್," ಎಂದಳು.

"ಏನು?"

"ಬೋಟಿನೊಳ್ಗ್ ನೀರ್ ಬಂದ್ರೆ ಎಂತ ಮಾಡೂದ್? ಇದ್ದದ್ರಲ್ಲ್ ತೋಡಿ ಹೊರ್ಗ್ ಹಾಕೂದ್. ಅವ್ರ್ ಬೋಗುಣಿ ಬಿಚ್ಚಿ ನೀರ್ ತೋಡ್ತಿದ್ರ್. ಅದ್ಕೇ ನಿಮ್ಗ್ ಕಾಂತಿಲ್ಲೆ."

ಬೋಗುಣಿ ಬಿಚ್ಚಿದರೆ ಬೋಟು ಮತ್ತೆ 'ಹಾಯ್ಗುಳಿ ಕೃಪಾ' ಆಗಬೇಕಲ್ಲ ಎನ್ನಲು ಹೊರಟ ಪ್ರಫುಲ್ಲಾ ತನ್ನ ಅಳತೆಯ ಪಟ್ಟಿಯತ್ತ ತಿರುಗಿದಳು. ತಾನು ಅಳೆದದ್ದು ದಡದಲ್ಲಿ ನಿಂತ, ಬರಿದಾದ, ಒಣಗಿದ ಬೋಟು. ನೀರು ತುಂಬಿದ ಬೋಟು ತಗ್ಗಿ ಕೂರುತ್ತದೆ. ಎಂಜಿನ್ನು ನೀರೊಳಗೆ ಹೋದರೆ ಅದರ ಮಾರ್ದನಿಯೇ ಇಲ್ಲ. ಅಂಥ ಬೋಟಿಗೆ ಅವಳು ಚಹರೆ ಬರೆದೇ ಇರಲಿಲ್ಲ.

"ಜಲಜಕ್ಕ, ನಾನು ಈಗ ಇದನ್ನ ಮುಳುಗಿಸಬೇಕು. ನೀವು ಹೊರಗೆ ಕೂತಿರಿ."

"ಅಡ್ಡಿಲ್ಲೆ, ಮುಳ್ಗ್ಸಿ. ಕಾಂತೆ."

ಪರದೆಯ ಮೇಲೆ ಹಸಿರು ಗೆರೆಗಳ ಬೋಟು ನಿಂತಿತ್ತು. ಪ್ರಫುಲ್ಲಾ ಅದನ್ನು ಅರ್ಧ ಅಡಿ ಇಳಿಸಿದಳು. ಕಿರಣ ಎಸೆದಳು. ಹೊಂದಲಿಲ್ಲ. ಒಂದು ಅಡಿ. ಹೊಂದಲಿಲ್ಲ. ಒಂದೂಕಾಲು.

"ಹಿಂದ್ ಬದಿ ಜಾಸ್ತಿ ಇಳ್ಸಿ ಮೇಡಂ," ಎಂದ ಸಾಧು. ಬಾಗಿಲು ಬಿಟ್ಟು ಅವನೂ ಹತ್ತಿರ ಬಂದಿದ್ದ. "ನೀರ್ ಬಪ್ಪುದ್ ಫ್ಯಾನಿನ್ ರಾಡ್ ಇಪ್ಪಲ್ಲಿಂದ. ಹಿಂದೆಯೇ ಮೊದ್ಲ್ ಕೂರೂದ್."

ಹಿಂಬದಿ ಒಂದೂವರೆ ಅಡಿ ಇಳಿಸಿದಳು. ಮುಂಬದಿ ಎದ್ದಿತು. ವಿಂಚು ಓರೆಯಾಯಿತು. ಜಲಜ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ನೋಡುತ್ತಿದ್ದಳು. ಹಾಗೆ ಇಳಿದ ಬೋಟಿನ ಚಹರೆಯನ್ನು ಹಿಡಿದು ಪ್ರಫುಲ್ಲಾ, ಯಾರೂ ನೋಡದ ಇನ್ನೊಂದು ಪಟ್ಟಿ ತೆರೆದಳು: 'ಗುರುತಿಲ್ಲದ ಸಣ್ಣ ವಸ್ತು'. ಮರದ ದಿಮ್ಮಿ, ತೇಲುವ ಡ್ರಮ್ಮು, ಹರಿದ ಬಲೆಯ ಗುಂಡು ಎಲ್ಲ ಅದರಲ್ಲಿ ಬೀಳುತ್ತವೆ. ಮುನ್ನೂರಕ್ಕೂ ಹೆಚ್ಚು. ಚಹರೆ ಅರೆಬರೆ ಹೊಂದಿದವು ಹನ್ನೊಂದು.

ಹನ್ನೊಂದರಲ್ಲಿ ಹತ್ತು ತೆರೆಯೊಂದಿಗೆ ಏರಿಳಿಯುತ್ತಿದ್ದವು. ಒಂದು ಮಾತ್ರ ಹಾಗಿರಲಿಲ್ಲ. ದಡದಿಂದ ಮೂವತ್ತೇಳು ಕಿಲೋಮೀಟರ್. ಮಂಕಾದ ಚುಕ್ಕಿ, ಆದರೆ ಅದರೊಳಗಿಂದ ಏನೋ ಮಿಣಕ್ಕೆಂದು ಹೊಳೆದು ಆರುತ್ತಿತ್ತು. ನಾಲ್ಕು ಸೆಕೆಂಡಿಗೆ ಒಮ್ಮೆ. ಅದರ ನಡುವೆ ಇನ್ನೊಂದು, ಸ್ವಲ್ಪ ನಿಧಾನ, ಆರಕ್ಕೋ ಏಳಕ್ಕೋ ಒಮ್ಮೆ. ತೆರೆಗೆ ಅಷ್ಟು ಹಟವಿರುವುದಿಲ್ಲ.

ಅಲ್ಯೂಮಿನಿಯಂ ಬೋಗುಣಿಯೊಂದನ್ನು ತುಂಬಿ ಎತ್ತಿ ಹೊರಗೆ ಚೆಲ್ಲುವಾಗ ಒಂದು ಗಳಿಗೆ ಅದರ ತಳ ಗುಡ್ಡದ ಕಡೆ ತಿರುಗುತ್ತದೆ. ಆ ಗಳಿಗೆಯಲ್ಲಿ ಅದು ಇಡೀ ಬೋಟಿಗಿಂತ ಹೆಚ್ಚು ಹೊಳೆಯುತ್ತದೆ.

"ಎರಡ್ ಇತ್ತ್," ಎಂದಳು ಜಲಜ. "ಒಂದ್ ಕೈ ಬಿಟ್ಟ್ ಹೋಯ್ತ್ ಕಾಂತ್." ಆಮೇಲೆ ನಿಧಾನದ ಮಿಣುಕಿಗೆ ಬೆರಳು ತೋರಿಸಿದಳು. "ಇದ್ ನಮ್ಮವ್ರ್. ಬಲಬದಿ ಭುಜ ಹಿಡೀತ್ತ್ ಅವ್ರಿಗೆ."

ರೆಬೆಲ್ಲೊ ಏನೂ ಕೇಳದೆ ವೈರ್‌ಲೆಸ್ ಎತ್ತಿಕೊಂಡು ಜಾಗ ಹೇಳಿದರು. ಆಗ ಮೂರು ಗಂಟೆ.

ಮುಂದಿನ ಎರಡು ಗಂಟೆ ಆ ಕೋಣೆಯಲ್ಲಿ ಮಾಡಲು ಯಾರಿಗೂ ಕೆಲಸವಿರಲಿಲ್ಲ. ನಾಲ್ಕು ಜನ ಕುರ್ಚಿ ಎಳೆದುಕೊಂಡು ಕೂತು ಎರಡು ಮಿಣುಕು ನೋಡಿದರು. ನಾಲ್ಕರದ್ದು ಐದಕ್ಕೆ ಬಂತು. ಏಳರದ್ದು ಎಂಟಕ್ಕೆ, ಹತ್ತಕ್ಕೆ. ಒಮ್ಮೆ ನಿಂತೇ ಹೋಯಿತು. ಜಲಜ ಎದ್ದು ನಿಂತಳು. ಮತ್ತೆ ಶುರುವಾಯಿತು, ಈ ಸಲ ಚುರುಕಾಗಿ.

"ಕೈ ಬದಲ್ ಮಾಡ್ಕಂಡ್ರ್," ಎಂದ ಸಾಧು.

"ಅಡುಗೆಯವ್ನಿಗೆ ಕೊಟ್ಟಿರ್ಕ್," ಎಂದಳು ಜಲಜ, ಕೂತುಕೊಳ್ಳುತ್ತಾ. "ಇವ್ರಿಗೆ ಕೂಕಂಡ್ ಹೇಳೂದಂದ್ರೆ ಬಾಳ ಇಷ್ಟ."

ಪ್ರಫುಲ್ಲಾ ತನ್ನ ಡಬ್ಬಿಯ ಮೊಸರನ್ನವನ್ನು ಮುಂದೆ ಸರಿಸಿದಳು. ಜಲಜ ಎರಡು ತುತ್ತು ತಿಂದಳು.

ಐದೂ ಹನ್ನೆರಡಕ್ಕೆ ರಕ್ಷಣಾ ಬೋಟಿನ ದೊಡ್ಡ ಚುಕ್ಕಿ ಆ ಮಂಕು ಚುಕ್ಕಿಯನ್ನು ಮುಟ್ಟಿತು. ಎರಡು ಮಿಣುಕೂ ಒಟ್ಟಿಗೆ ನಿಂತವು. ವೈರ್‌ಲೆಸ್ಸಿನಲ್ಲಿ ಗಾಳಿಯ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಎರಡು ನಿಮಿಷ ಹಾಗೇ ಹೋಯಿತು. ಆಮೇಲೆ ಯಾರೋ ಏದುಸಿರು ಬಿಡುತ್ತಾ ಹೇಳಿದರು: "ಐದೂ ಜನ ಇದ್ದಾರೆ. ನೀರು ಕೇಳ್ತಿದ್ದಾರೆ."

ಜಲಜ ಮೇಜಿನ ಮೇಲಿನ ಬೋಗುಣಿಗೆ ಕೈ ಹಾಕಿದಳು. ಪ್ರಫುಲ್ಲಾ, "ಅಕ್ಕಾ, ಆ ಸಾಲು ಬರೆದದ್ದು ನಾನು. ತಪ್ಪು ನನ್ನದು" ಎಂದಳು.

"ನಮ್ಮವ್ರ್ ಅಡ್ಗ್‌ಕಂಡ್ರ್, ನೀವ್ ಅಳಿಸ್ಬಿಟ್ರಿ. ಜೋಡಿ ಸರಿಯಾಯ್ತ್," ಎಂದು ಜಲಜ ಬೋಗುಣಿಯನ್ನು ತಲೆಗೇರಿಸಿ ಬಂದರಿಗೆ ಇಳಿದಳು. ಐದು ಜನಕ್ಕೆ ಗಂಜಿ ಬೇಕಿತ್ತು.

ವರದಿ ಬರೆಯುವಾಗ ಕಾರಣದ ಕಾಲಂನಲ್ಲಿ ಪ್ರಫುಲ್ಲಾ ತನ್ನ ಸಾಲನ್ನು ಮೊದಲು ಬರೆದಳು, ಬೋಗುಣಿಯ ಸೋಗನ್ನು ಆಮೇಲೆ. ಅವಳಿಗೆ ಒಂದು ಎಚ್ಚರಿಕೆ ಪತ್ರ ಬಂತು. ಇಬ್ಬರು ಅಣ್ಣತಮ್ಮಂದಿರ ಪರವಾನಗಿಯನ್ನು ಆರು ತಿಂಗಳು ತಡೆಹಿಡಿದರು. ಗೇಟಿನ ಬಳಿಯ ಪರದೆ ಹಾಗೇ ಇದೆ. ಹೆಸರು ಕಾಣುತ್ತದೆ, ಜಾಗ ಈಗ ಸಂಜೆ ಬೋಟು ಮರಳಿದ ಮೇಲಷ್ಟೇ ಕಾಣುತ್ತದೆ. ಅದನ್ನು ಮಾಡಿಸಲು ರೆಬೆಲ್ಲೊ ನಾಲ್ಕು ಸಲ ರಾಜಧಾನಿಗೆ ಓಡಾಡಬೇಕಾಯಿತು. ನಿಧಾನದ ಮಿಣುಕು ವಿಠಲನದಾಗಿರಲಿಲ್ಲ. ಅವನ ಬೋಗುಣಿಯೇ ಕೈಬಿಟ್ಟು ಹೋಗಿತ್ತು. ಅವನು ದಿನವಿಡೀ ಅನ್ನದ ಹಂಡೆಯ ಮುಚ್ಚಳದಲ್ಲಿ ನೀರು ತೋಡಿದ್ದ. ಇದನ್ನು ಜಲಜಳಿಗೆ ಯಾರೂ ಹೇಳಲಿಲ್ಲ.

ಜೂನಿನಲ್ಲಿ ಬೋಟುಗಳು ದಡ ಹತ್ತಿದವು. ಪ್ರಫುಲ್ಲಾ ಮತ್ತೆ ಟೇಪು ಹಿಡಿದು ಬಂದಳು. ಈ ಸಲ ಅವಳ ಬೇಡಿಕೆ ವಿಚಿತ್ರವಾಗಿತ್ತು. ಬೋಟಿನಲ್ಲಿ ಯಾರು ಯಾರು ಹೋಗುತ್ತಾರೋ ಅವರೆಲ್ಲ ಹತ್ತಿ ಕೂರಬೇಕು, ಕಡಲಿಗೆ ಒಯ್ಯುವ ಪಾತ್ರೆಗಳನ್ನೂ ತರಬೇಕು.

'ಹಾಯ್ಗುಳಿ ಕೃಪಾ'ದ ಐವರು ಹೊಸ ಅಂಗಿ ತೊಟ್ಟು, ತಲೆ ಬಾಚಿ, ಫೋಟೋಗೆ ಕೂತವರಂತೆ ಬಿಗಿಯಾಗಿ ಕೂತರು.

"ಹಾಗಲ್ಲ," ಎಂದಳು ಪ್ರಫುಲ್ಲಾ. "ಕಡಲಲ್ಲಿ ಇದ್ದ ಹಾಗೆ ಇರಿ. ಏನಾದರೂ ಕೆಲಸ ಮಾಡಿ."

"ದಡದಲ್ಲ್ ಎಂತ ಕೆಲ್ಸ ಮಾಡೂದ್ ಮರಾಯ್ರೆ?" ಎಂದು ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ವಿಠಲ ಎದ್ದ. ಕಾಲಬುಡದಲ್ಲಿದ್ದ ನೆಗ್ಗಿದ ಬೋಗುಣಿಯನ್ನು ಎತ್ತಿಕೊಂಡು ಇಲ್ಲದ ನೀರನ್ನು ತೋಡಿದ. ಬಲಭುಜ ಸ್ವಲ್ಪ ಹಿಡಿಯಿತು. ಎತ್ತಿ, ಕೆಳಗೆ ಕೊಡೆ ಹಿಡಿದು ನಿಂತಿದ್ದ ಹೆಂಡತಿಯ ಕಡೆಗೆ ಚೆಲ್ಲಿದ. ಮತ್ತೆ ತೋಡಿದ, ಮತ್ತೆ ಚೆಲ್ಲಿದ. ಪ್ರಫುಲ್ಲಾ ಗಡಿಯಾರ ನೋಡಿ ಸೆಕೆಂಡು ಬರೆದುಕೊಂಡಳು.

ಜಲಜ ಸೀರೆಗೆ ನೀರು ಬಿದ್ದವಳಂತೆ ಒಂದು ಹೆಜ್ಜೆ ಹಿಂದೆ ಸರಿದಳು.

"ಸಾಕ್ ಮರಾಯ್ರೆ," ಎಂದಳು. "ಕಂಡ್ತ್."